ಮಾಂಡವಿ ದಂಡೆಯ ಇಗರ್ಜಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಹಿಂದೆ ಸರಿದು ಡಿಸೆಂಬರ್ ಹತ್ತಿರವಾದಂತೆ ಓಲ್ಡ್ ಗೋವಾ ಕುರಿತ ಪತ್ರಗಳು ಹೆಚ್ಚುತ್ತವೆ. ಕಾರವಾರ, ಅಂಕೋಲಾ, ಶಿರಸಿ, ಕುಮಟಾ, ಹೊನ್ನಾವರದಿಂದ ಬಂದವುಗಳಲ್ಲಿ ಉಳಿದವರಿಗೂ ಉಪಯೋಗವಾಗುವ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಬೆಳಗ್ಗೆ ಹೊರಟು ರಾತ್ರಿ ಮನೆ ಸೇರುವ ಹಾಗೆ ಓಲ್ಡ್ ಗೋವಾ ನೋಡಿ ಬರಬೇಕೆಂದಿದ್ದೇವೆ. ಜೊತೆಗೆ ಎಪ್ಪತ್ತು ದಾಟಿದ ಅಮ್ಮ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹೇಗೆ ಹೋಗಬೇಕು, ಯಾವ ಕ್ರಮದಲ್ಲಿ ನೋಡಬೇಕು?
— ಓದುಗರು, ಕೋಡಿಬಾಗ, ಕಾರವಾರ

ಕಾರಿನಲ್ಲಾದರೆ ದಾರಿ ಸುಮಾರು ನೂರು ಕಿ.ಮೀ. ಮಾಜಾಳಿ, ಪೋಳೆಂ, ಕಾಣಕೋಣ ದಾಟಿ ಕರ್ಮಲ್ ಘಾಟಿ ಹತ್ತಿ ಮಡಗಾಂವ್, ಅಲ್ಲಿಂದ ಜುವಾರಿ ಸೇತುವೆ. ಎರಡೂವರೆಯಿಂದ ಮೂರು ತಾಸು ಹಿಡಿಯಿರಿ. ಘಾಟಿಯ ತಿರುವಿನಲ್ಲಿ ಮಕ್ಕಳಿಗೆ ವಾಂತಿಯಾಗುವುದುಂಟು, ಹೊಟ್ಟೆ ತುಂಬ ತಿಂಡಿಯನ್ನು ಘಾಟಿ ಇಳಿದ ಮೇಲೆ ಕೊಡಿ. ಮೊಬೈಲಿನ ನಕ್ಷೆ ನಂಬಿ ಹೋಗುವವರು ಒಂದು ಕಡೆ ತಪ್ಪುತ್ತಾರೆ. ಜುವಾರಿ ದಾಟಿದ ಕೂಡಲೇ ಹೆದ್ದಾರಿಯ ಮೇಲೇ ಗೋವಾ ವೆಲ್ಹಾ ಎಂಬ ಊರು ಸಿಗುತ್ತದೆ. ಅದು ಗೋವೆಯ ಕದಂಬರ ಗೋಪಕಪಟ್ಟಣ ಇದ್ದ ಜಾಗ, ಜುವಾರಿ ಪಕ್ಕದ್ದು. ನೀವು ಹೊರಟಿರುವ ಊರು ಮಾಂಡವಿ ದಂಡೆಯದು, ಪಣಜಿಯಿಂದ ಮೂಡಣಕ್ಕೆ ಹತ್ತು ಕಿ.ಮೀ. ನಕ್ಷೆಯಲ್ಲಿ ಊರ ಹೆಸರಿನ ಬದಲು ಬಾಮ್ ಜೀಸಸ್ ಬೆಸಿಲಿಕಾ ಎಂದೇ ಹಾಕಿ.

ರೈಲಿನವರು ಇಳಿಯಬೇಕಾದ ನಿಲ್ದಾಣ ಕರ್ಮಳಿ. ಇಗರ್ಜಿಗಳು ಅಲ್ಲಿಂದ ಎರಡು–ಮೂರು ಕಿ.ಮೀ. ದೂರವಷ್ಟೆ. ಎಲ್ಲ ಎಕ್ಸ್‌ಪ್ರೆಸ್‌ಗಳೂ ಕರ್ಮಳಿಯಲ್ಲಿ ನಿಲ್ಲುವುದಿಲ್ಲ. ವೇಳಾಪಟ್ಟಿ ಮಳೆಗಾಲಕ್ಕೆ ಒಂದು, ಉಳಿದ ತಿಂಗಳುಗಳಿಗೆ ಇನ್ನೊಂದು. ಹೊರಡುವ ಮುನ್ನಾದಿನ ಬರುವ ರೈಲು, ಮರಳುವ ರೈಲು ಎರಡನ್ನೂ ನೋಡಿಕೊಳ್ಳಿ. ಕರ್ಮಳಿ ಸಣ್ಣ ನಿಲ್ದಾಣ, ರಿಕ್ಷಾ ಯಾವಾಗಲೂ ಇರುವುದಿಲ್ಲ. ಬಸ್ಸಿನಲ್ಲಿ ಹೋದರೆ ಕಾರವಾರದಿಂದ ಮಡಗಾಂವ್, ಅಲ್ಲಿಂದ ಪಣಜಿ, ಅಲ್ಲಿಂದ ಓಲ್ಡ್ ಗೋವಾ ಎಂದು ಮೂರು ಬಸ್ಸು ಹತ್ತಬೇಕು. ಅಮ್ಮನ ಜೊತೆ ಅದು ಬೇಡ.

ಇನ್ನು ಕ್ರಮ. ಹೆಚ್ಚಿನವರು ವಾಹನ ಇಳಿದ ಜಾಗದಿಂದ ನೇರ ಬಾಮ್ ಜೀಸಸ್‌ಗೆ ನುಗ್ಗುತ್ತಾರೆ, ಸಾಲಿನಲ್ಲಿ ನಿಂತು ದಣಿಯುತ್ತಾರೆ, ಎದುರಿನ ಕೆಥೆಡ್ರಲ್‌ನಲ್ಲಿ ಹತ್ತು ನಿಮಿಷ ಕಳೆದು ಕಡಲತೀರಕ್ಕೆ ಓಡುತ್ತಾರೆ. ಆ ಊರು ಹೊಳೆಯ ಕಡೆಯಿಂದ ಕಟ್ಟಿದ್ದು. ಹಡಗಿನಿಂದ ಇಳಿದವನು ಮೊದಲು ಕಂಡದ್ದನ್ನು ನೀವೂ ಮೊದಲು ಕಂಡರೆ ಉಳಿದದ್ದೆಲ್ಲ ತಾನಾಗಿ ಜೋಡಿಯಾಗುತ್ತದೆ. ಹಾಗಾಗಿ ದೀವಾಡಿ ದ್ವೀಪಕ್ಕೆ ತಾರಿ ಹೊರಡುವ ಧಕ್ಕೆಗೆ ಮೊದಲು ಹೋಗಿ, ನೀರಿಗೆ ಬೆನ್ನು ಮಾಡಿ ನಿಲ್ಲಿ. ಎದುರಿಗೆ ಪೋರ್ಚುಗೀಸ್ ವೈಸ್‌ರಾಯರ ಕಮಾನು. ವಾಸ್ಕೋ ಡ ಗಾಮಾನ ಮರಿಮಗ ಫ್ರಾನ್ಸಿಸ್ಕೋ ಡ ಗಾಮಾ ಇಲ್ಲಿ ವೈಸ್‌ರಾಯ್ ಆಗಿದ್ದಾಗ 1597ರ ಹೊತ್ತಿಗೆ ಕಟ್ಟಿಸಿದ್ದು, 1954ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದು. ಹೊಳೆಯ ಕಡೆಗೆ ಮುಖ ಮಾಡಿರುವ ಮೂರ್ತಿ ಮುತ್ತಜ್ಜ ವಾಸ್ಕೋನದು. ಹೊಸ ವೈಸ್‌ರಾಯರು ಊರೊಳಗೆ ಕಾಲಿಡುತ್ತಿದ್ದದ್ದು ಈ ಕಮಾನಿನ ಕೆಳಗಿಂದಲೇ.

ಕಮಾನು ದಾಟಿ ಮೇಲೆ ಬಂದರೆ ಎಡಕ್ಕೆ ಸಂತ ಕಜೆತಾನರ ಇಗರ್ಜಿ. ಇಟಲಿಯ ಥಿಯಟಿನ್ ಸಂನ್ಯಾಸಿಗಳು ಹದಿನೇಳನೆಯ ಶತಮಾನದಲ್ಲಿ ರೋಮಿನ ಸಂತ ಪೀಟರರ ಬೆಸಿಲಿಕಾವನ್ನು ಮನಸ್ಸಿನಲ್ಲಿಟ್ಟು ಕಟ್ಟಿದರು. ಗುಮ್ಮಟದ ಕೆಳಗೆ ನೆಲದಲ್ಲಿ ಬಾವಿಯಿದೆ, ಈಗ ಮುಚ್ಚಿಟ್ಟಿದ್ದಾರೆ. ಜನ ಕಡಿಮೆ, ಒಳಗೆ ತಂಪು. ಅಮ್ಮನನ್ನು ಅಲ್ಲಿ ಕೂರಿಸಿ ಮಕ್ಕಳೊಂದಿಗೆ ಪಕ್ಕದ ಆವರಣದಲ್ಲಿ ಒಂಟಿಯಾಗಿ ನಿಂತ ಕಪ್ಪು ಕಲ್ಲಿನ ಬಾಗಿಲುವಾಡ ನೋಡಿ ಬನ್ನಿ. ವಿಜಯಪುರದ ಆದಿಲಶಾಹಿ ಅರಮನೆಯದೆಂದು ಹೇಳುವ ಆ ಬಾಗಿಲಿನ ಕೆತ್ತನೆಯಲ್ಲಿ ಅದಕ್ಕೂ ಹಿಂದಿನ ದೇವಾಲಯದ ಕೈ ಕಾಣುತ್ತದೆ. ಎಷ್ಟೋ ಜನ ಅದರ ಪಕ್ಕದಲ್ಲೇ ಹಾದು ಗಮನಿಸದೆ ಹೋಗುತ್ತಾರೆ, ಕನ್ನಡದವರು ತಪ್ಪಿಸಿಕೊಳ್ಳಬಾರದು.

ಮುಂದೆ ಸೇ ಕೆಥೆಡ್ರಲ್. 1562ರಲ್ಲಿ ಶುರುವಾಗಿ ಹೊರಗೆಲಸ 1619ಕ್ಕೆ, ಒಳಗಿನ ಬಲಿಪೀಠಗಳು 1652ಕ್ಕೆ ಮುಗಿದವು. ಮುಂಭಾಗ ಒಂದು ಕಡೆ ಬೋಳಾಗಿ ಕಾಣುವುದು ಜೋಡಿ ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದದ್ದರಿಂದ. ಮತ್ತೆ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿ 'ಚಿನ್ನದ ಘಂಟೆ' ಎಂದು ಹೆಸರಾದ ದೊಡ್ಡ ಘಂಟೆಯಿದೆ. ಪ್ರಧಾನ ಬಲಿಪೀಠ ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳದು. ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಗೋವೆಯನ್ನು ಆದಿಲಶಾಹಿಯಿಂದ ಕಿತ್ತುಕೊಂಡದ್ದು 1510ರ ನವೆಂಬರ್ 25ರಂದು, ಅವಳ ಹಬ್ಬದ ದಿನ. ಆ ವರ್ಷ ಗೋವೆಯ ಮೇಲೆ ಬೀಳಲು ಆಲ್ಬುಕರ್ಕ್‌ನನ್ನು ಒಪ್ಪಿಸಿದ್ದು ನಮ್ಮ ಹೊನ್ನಾವರದ ಹಡಗುಪಡೆಯ ನಾಯಕ ತಿಮ್ಮೋಜ. ಇದನ್ನು ಮಕ್ಕಳಿಗೆ ಅಲ್ಲೇ ಬಲಿಪೀಠದ ಮುಂದೆ ಹೇಳಿ, ನೆನಪಿನಲ್ಲಿ ಉಳಿಯುತ್ತದೆ.

ಊಟವಾದ ಮೇಲೆ ಬಾಮ್ ಜೀಸಸ್. 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಯಾದ ಜೆಸ್ವಿತರ ಇಗರ್ಜಿ. ಸಂತ ಫ್ರಾನ್ಸಿಸ್ ಕ್ಸೇವಿಯರರ ಅವಶೇಷ ಬಲಗಡೆಯ ಉಪಗುಡಿಯಲ್ಲಿದೆ. ಬೆಳ್ಳಿ ಪೆಟ್ಟಿಗೆ ಗೋವೆಯ ಅಕ್ಕಸಾಲಿಗರು 1630ರ ದಶಕದಲ್ಲಿ ಮಾಡಿದ್ದು. ಅದರ ಕೆಳಗಿನ ಅಮೃತಶಿಲೆಯ ಪೀಠ ಟಸ್ಕನಿಯ ದೊರೆ ಮೂರನೆಯ ಕೋಸಿಮೋನ ಕಾಣಿಕೆ. ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿ ಮಾಡಿದ ಅದು 1698ರಲ್ಲಿ ಇಲ್ಲಿ ನಿಂತಿತು. ಪೆಟ್ಟಿಗೆ ತುಂಬ ಎತ್ತರದಲ್ಲಿರುವುದರಿಂದ ಕೆಳಗೆ ನಿಂತವರಿಗೆ ಶರೀರ ಸರಿಯಾಗಿ ಕಾಣದು. ಮೊದಲೇ ತಿಳಿದಿದ್ದರೆ ಅಮ್ಮನಿಗೆ ಬೇಸರವಾಗುವುದಿಲ್ಲ. ಪೀಠದ ನಾಲ್ಕೂ ಬದಿಯ ಕಂಚಿನ ಫಲಕಗಳಲ್ಲಿ ಸಂತನ ಬದುಕಿನ ಪ್ರಸಂಗಗಳಿವೆ, ಅವನ್ನು ಸಾವಕಾಶ ನೋಡಿ. ಈ ಇಗರ್ಜಿಯ ಮುಖ ಪಡುವಣಕ್ಕೆ, ಸೇ ಕೆಥೆಡ್ರಲ್‌ನದು ಮೂಡಣಕ್ಕೆ. ಚಿತ್ರ ತೆಗೆಯುವವರಿಗೂ ಬೆಳಗ್ಗೆ ಅದು, ಮಧ್ಯಾಹ್ನದ ಮೇಲೆ ಇದು ಎಂಬ ಕ್ರಮವೇ ಸರಿ.

ಕೊನೆಗೆ ಹೋಲಿ ಹಿಲ್, ಅಂದರೆ ಮೊಂತೆ ಸಾಂತೊ ದಿಬ್ಬ. ಇಲ್ಲಿಗೆ ಅಮ್ಮನನ್ನು ನಡೆಸಬೇಡಿ, ವಾಹನದಲ್ಲೇ ಮೇಲಕ್ಕೆ ಕರೆದೊಯ್ಯಿರಿ. ಸಂತ ಅಗಸ್ಟಿನರ ಇಗರ್ಜಿಯ ಪಾಳು ಗೋಪುರ ಇಲ್ಲಿದೆ, 46 ಮೀಟರ್ ಎತ್ತರದ್ದು. ಪೋರ್ಚುಗೀಸ್ ಸರ್ಕಾರ 1830ರ ದಶಕದಲ್ಲಿ ಸಂನ್ಯಾಸಿಗಳ ಮಠಗಳನ್ನು ಮುಚ್ಚಿಸಿದ ಮೇಲೆ ನೋಡಿಕೊಳ್ಳುವವರಿಲ್ಲದಾಯಿತು. 1842ರಲ್ಲಿ ಮೇಲ್ಛಾವಣಿಯ ಕಮಾನು ಕುಸಿಯಿತು, 1931ರಲ್ಲಿ ಮುಂಭಾಗ ಬಿತ್ತು, ಆಮೇಲೆ ಗೋಪುರದ ಒಂದು ಪಾಲೂ ಹೋಯಿತು. ಅದರ ಘಂಟೆ ಈಗ ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಇಗರ್ಜಿಯಲ್ಲಿ ಬಾರಿಸುತ್ತದೆ. ಜಾರ್ಜಿಯಾದ ರಾಣಿ ಕೆತೆವಾನಳನ್ನು 1624ರಲ್ಲಿ ಪರ್ಷಿಯಾದ ಶಿರಾಜಿನಲ್ಲಿ ಕೊಂದಾಗ ಅಗಸ್ಟಿನಿಯನ್ನರು ಅವಳ ಅವಶೇಷವನ್ನು ಇಲ್ಲಿಗೆ ತಂದಿದ್ದರು. ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಸಿಕ್ಕ ಎಲುಬನ್ನು ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ, ಅದರ ಒಂದು ಭಾಗವನ್ನು 2021ರಲ್ಲಿ ಜಾರ್ಜಿಯಾಕ್ಕೆ ಒಪ್ಪಿಸಿದರು. ಹತ್ತಿರವೇ ದಿಬ್ಬದ ಅಂಚಿನಲ್ಲಿ ಜಪಮಾಲೆ ಮಾತೆಯ ಇಗರ್ಜಿ. ಹದಿನಾರನೆಯ ಶತಮಾನದ ನಡುವಿನದು, ಇಲ್ಲಿ ಉಳಿದಿರುವವುಗಳಲ್ಲಿ ಹಳೆಯ ಸಾಲಿಗೆ ಸೇರಿದ್ದು. ಬೆಳಗ್ಗೆ ನಿಂತ ಧಕ್ಕೆ, ಕಮಾನು, ಗುಮ್ಮಟ ಯಾವುದು ಎಲ್ಲಿದೆ ಎಂದು ಅಲ್ಲಿಂದ ಹೊಳೆಯ ಕಡೆ ನೋಡಿದರೆ ಲೆಕ್ಕ ಸಿಗುತ್ತದೆ.

ಪ್ರಶ್ನೆ: ಹೈಸ್ಕೂಲ್ ಮಕ್ಕಳನ್ನು ಶುಕ್ರವಾರ ಕರೆದೊಯ್ಯುವ ಯೋಚನೆಯಿದೆ. ಉಡುಪು, ಫೋಟೋ, ಪ್ರವೇಶದ ಬಗ್ಗೆ ತಿಳಿಸಿ.
— ಶಿಕ್ಷಕರು, ಶಿರಸಿ

ಶುಕ್ರವಾರ ಬೇಡ. ಅಸಿಸಿಯ ಸಂತ ಫ್ರಾನ್ಸಿಸರ ಮಠದ ಕಟ್ಟಡದಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ಶಾಲಾ ಮಕ್ಕಳಿಗೆ ಹೆಚ್ಚು ಕಲಿಯಲು ಸಿಗುವುದು ಅಲ್ಲೇ: ವೀರಗಲ್ಲು, ಸತಿಕಲ್ಲು, ವೈಸ್‌ರಾಯರ ಚಿತ್ರಗಳ ಸಾಲು. ಭಾನುವಾರವೂ ಬೇಡ, ಬಲಿಪೂಜೆ ಮುಗಿಯುವವರೆಗೆ ಬಾಮ್ ಜೀಸಸ್‌ಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಹತ್ತೂವರೆಯಾಗುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ. ಇಗರ್ಜಿಗಳಿಗೆ ಟಿಕೆಟ್ ಇಲ್ಲ, ವಸ್ತುಸಂಗ್ರಹಾಲಯಕ್ಕೆ ಸಣ್ಣ ಶುಲ್ಕವಿದೆ.

ಭುಜ, ಮಂಡಿ ಮುಚ್ಚಿರಬೇಕು. ಶಾಲೆಯ ಸಮವಸ್ತ್ರವೇ ಆದೀತು. ಟೋಪಿ ತೆಗೆಯಲಿ. ಪ್ರತಿ ಇಗರ್ಜಿಯ ಬಾಗಿಲಲ್ಲೂ ಫೋಟೋ ನಿಯಮದ ಫಲಕ ಇರುತ್ತದೆ, ಅದನ್ನೇ ಪಾಲಿಸಿ. ಬಲಿಪೀಠದ ಮುಂದೆ ನಿಂತು ಗುಂಪು ಚಿತ್ರ, ಸೆಲ್ಫಿ ಎಲ್ಲೂ ಬೇಡ. ಐವತ್ತು ಮಕ್ಕಳು ಒಟ್ಟಿಗೆ ಒಳಹೊಕ್ಕರೆ ಪಿಸುಮಾತೂ ಗದ್ದಲವಾಗುತ್ತದೆ. ವಿವರಣೆಯನ್ನೆಲ್ಲ ಹೊರಗೆ ಹುಲ್ಲಿನ ಮೇಲೆ ಕೂರಿಸಿ ಹೇಳಿಬಿಡಿ, ಹದಿನೈದಿಪ್ಪತ್ತು ಜನರಂತೆ ಒಳಗೆ ಕಳಿಸಿ. ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಬಹುದು, ಓಡಾಡುವಂತಿಲ್ಲ. ಸಂತ ಫ್ರಾನ್ಸಿಸರ ಇಗರ್ಜಿಯ ನೆಲದ ತುಂಬ ಲಾಂಛನ ಕೆತ್ತಿದ ಗೋರಿಕಲ್ಲುಗಳಿವೆ. ಚೀಲ ಎಳೆದಾಡಬಾರದೆಂದು ಮಕ್ಕಳಿಗೆ ಮುಂಚೆಯೇ ಹೇಳಿ.

ಶಿರಸಿಯಿಂದ ಒಂದು ದಿಕ್ಕಿಗೇ ಇನ್ನೂರು ಕಿ.ಮೀ. ದಾಟುತ್ತದೆ. ಒಂದೇ ದಿನದಲ್ಲಿ ಹೋಗಿಬರುವುದು ಚಾಲಕನಿಗೂ ಮಕ್ಕಳಿಗೂ ಒಳ್ಳೆಯದಲ್ಲ. ಹಿಂದಿನ ರಾತ್ರಿ ಕಾರವಾರದಲ್ಲಿ ತಂಗಿ.

ಪ್ರಶ್ನೆ: ಚಿರೇಕಲ್ಲಿನ ಗೋಡೆಗೆ ಗಾರೆ ಬೇಕೇ ಬೇಕು ಎನ್ನುವವನು ನಾನು. ಬಾಮ್ ಜೀಸಸ್ ಇಗರ್ಜಿ ಗಾರೆ ಇಲ್ಲದೆ ಕೆಂಪಗೆ ನಿಂತಿದೆಯಲ್ಲ, ಅದು ಹೇಗೆ?
— ಕಟ್ಟಡ ಕೆಲಸದವರು, ಅಂಕೋಲಾ

ನೀವು ಹೇಳುವುದೇ ಸರಿ. ಅದು ಕೆಂಪಗೆ ನಿಲ್ಲಲೆಂದು ಕಟ್ಟಿದ ಇಗರ್ಜಿ ಅಲ್ಲ. 1950ರ ದಶಕದವರೆಗೆ ಅದಕ್ಕೂ ಸುಣ್ಣದ ಗಾರೆ ಇತ್ತು, ಪಕ್ಕದ ಸೇ ಕೆಥೆಡ್ರಲ್ ಹಾಗೇ ಬೆಳ್ಳಗೆ ಕಾಣುತ್ತಿತ್ತು. ಪೋರ್ಚುಗಲ್‌ನಿಂದ ಬಂದ ವಾಸ್ತುಶಿಲ್ಪಿ ಬಾಲ್ತಜಾರ್ ಕಾಸ್ತ್ರೊ ಕಟ್ಟಡ ಹಳೆಯದಾಗಿ ಕಾಣಬೇಕೆಂದು ಗಾರೆ ಕೆರೆಸಿಹಾಕಿದ. ಈಗ ಅದೇ ಅದರ ಗುರುತಾಗಿಬಿಟ್ಟಿದೆ.

ಆಗುತ್ತಿರುವ ಹಾನಿ ಬರಿಗಣ್ಣಿಗೇ ಕಾಣುತ್ತದೆ. ಚಿರೇಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಆದರೆ ಮೈತುಂಬ ರಂಧ್ರ, ರಂಧ್ರದೊಳಗೆ ಜೇಡಿ. ಜಡಿಮಳೆ ಹೊಡೆದಾಗ ನೀರು ಒಳಗಿಳಿದು ಜೇಡಿ ತೊಳೆದುಹೋಗುತ್ತದೆ, ಕಲ್ಲಿನ ಅಂಚು ಉರುಟಾಗುತ್ತದೆ, ಸಂದಿನ ಸುಣ್ಣ ಕರಗಿ ಕುಳಿ ಬೀಳುತ್ತದೆ, ಆ ಕುಳಿಯಲ್ಲಿ ಹಾವಸೆ, ಆಮೇಲೆ ಗಿಡ. ಬಾಮ್ ಜೀಸಸ್‌ನ ಪಕ್ಕದ ಗೋಡೆಗಳ ಬುಡದ ಕಲ್ಲುಗಳನ್ನು ನೋಡಿ, ನಂತರ ಮುಂಭಾಗದ ಕೆತ್ತನೆಗಳನ್ನು ನೋಡಿ. ಕೆತ್ತನೆಗೆ ವಸಾಯಿ ಕಡೆಯ ಕರಿಕಲ್ಲು ಬಳಸಿದ್ದರಿಂದ ಅದರ ಗೆರೆ ಇನ್ನೂ ಚೂಪಾಗಿದೆ. ಒಂದೇ ಕಟ್ಟಡ, ಒಂದೇ ಮಳೆ, ಕಲ್ಲು ಮಾತ್ರ ಬೇರೆ.

ಮತ್ತೆ ಗಾರೆ ಹಾಕಬೇಕೆಂದು ಸಂರಕ್ಷಣೆಯ ತಜ್ಞರಲ್ಲಿ ಅನೇಕರು ಬಹುಕಾಲದಿಂದ ಹೇಳುತ್ತಿದ್ದಾರೆ. ಕೆಂಪು ಬಣ್ಣಕ್ಕೆ ಒಗ್ಗಿಹೋದವರು ಒಪ್ಪುತ್ತಿಲ್ಲ. ನಮ್ಮ ಅಭಿಪ್ರಾಯ ಸ್ಪಷ್ಟ: ಗಾರೆ ಮರಳಬೇಕು, ಅದೂ ಸುಣ್ಣದ್ದೇ ಆಗಬೇಕು. ನಾಲ್ಕು ಶತಮಾನದ ಕಟ್ಟಡವನ್ನು ಎಪ್ಪತ್ತು ವರ್ಷದ ಅಭ್ಯಾಸಕ್ಕಾಗಿ ಕರಗಲು ಬಿಡುವುದು ಸಲ್ಲದು.

ಸಿಮೆಂಟು ಏಕೆ ಬೇಡ ಎಂಬುದು ನಿಮ್ಮ ಕೆಲಸಕ್ಕೂ ಸಂಬಂಧಪಟ್ಟದ್ದು. ಸಿಮೆಂಟಿನ ಪದರ ಚಿರೇಕಲ್ಲಿಗಿಂತ ಗಟ್ಟಿ. ನೆಲದಿಂದ ಏರಿದ ತೇವ ಅದರ ಹಿಂದೆ ಸಿಕ್ಕಿಬೀಳುತ್ತದೆ, ಉಪ್ಪು ಹರಳುಗಟ್ಟುತ್ತದೆ, ಕೊನೆಗೆ ಪದರ ಕಳಚುವಾಗ ಕಲ್ಲಿನ ಮೈಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಸುಣ್ಣದ ಗಾರೆ ಮಳೆಯ ಏಟು ತಾನು ತಿಂದು ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ. ಹಳೆಯ ಚಿರೇಕಲ್ಲಿನ ಮನೆ ದುರಸ್ತಿಗೆ ಚಿಪ್ಪುಸುಣ್ಣವನ್ನು ಅರಳಿಸಿ ಕೆಲವು ವಾರ ನೀರಿನಲ್ಲೇ ಕೊಳೆಯಲು ಬಿಡಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಪ್ಪಿಲ್ಲದ ಹೊಳೆ ಮರಳು ಬೆರೆಸಿ, ಗೋಡೆ ಚೆನ್ನಾಗಿ ನೆನೆಸಿ, ಒಂದು ಪದರಕ್ಕೆ ಹತ್ತು–ಹನ್ನೆರಡು ಮಿ.ಮೀ. ಮೀರದಂತೆ ಹಚ್ಚಿ. ದಪ್ಪ ಹಚ್ಚಿದರೆ ಬಿರುಕು ಖಂಡಿತ. ಪದರದಿಂದ ಪದರಕ್ಕೆ ಹಲವು ದಿನ ಬಿಡಿ, ನೇರ ಬಿಸಿಲು ತಾಗದಂತೆ ಒದ್ದೆ ಗೋಣಿ ಕಟ್ಟಿ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ನಿಧಾನಕ್ಕೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಶುರುಮಾಡಿ, ಮಳೆಗೆ ಎರಡು ತಿಂಗಳು ಇರುವಾಗಲೇ ಮುಗಿಸಬೇಕು.

ಪ್ರಶ್ನೆ: ಧರ್ಮ ಉಳಿಸಿಕೊಳ್ಳಲು ನಮ್ಮ ಹಿರಿಯರು ಗೋವೆಯಿಂದ ಓಡಿಬಂದರೆಂದು ಮನೆಯಲ್ಲಿ ಹೇಳುತ್ತಾರೆ. ಆ ಕಾಲದ ಗುರುತು ಓಲ್ಡ್ ಗೋವಾದಲ್ಲಿ ಏನಾದರೂ ಉಂಟೇ?
— ನಿವೃತ್ತ ನೌಕರರು, ಕುಮಟಾ

ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾಲಯ ಗೋವೆಯಲ್ಲಿ 1560ರಿಂದ 1812ರವರೆಗೆ ಇತ್ತು, 1774ರಿಂದ 1778ರ ತನಕ ಮಾತ್ರ ನಿಂತಿತ್ತು. ಅದರ ಕಟ್ಟಡ ಸೇ ಕೆಥೆಡ್ರಲ್ ಚೌಕದ ಬದಿಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಡವಿದರು, ಇಂದು ನೆಲದ ಮೇಲೆ ಏನೂ ಉಳಿದಿಲ್ಲ. ವಿಚಾರಣೆಗೆ ಗುರಿಯಾದವರು ಮುಖ್ಯವಾಗಿ ಹೊಸದಾಗಿ ದೀಕ್ಷೆ ಪಡೆದ ಊರವರು, ಯಹೂದಿ ಮೂಲದ ಪೋರ್ಚುಗೀಸರು. ದೇವಾಲಯಗಳನ್ನು ಕೆಡವಿದ್ದು ಅದಕ್ಕೂ ಮೊದಲು, 1540ರ ದಶಕದಿಂದಲೇ. ಕಾರವಾರ, ಅಂಕೋಲಾ, ಕುಮಟೆಗೆ ಹಿಂದೂಗಳೂ ಬಂದರು. ಬರಗಾಲ, ರೋಗ, ಮರಾಠರ ದಾಳಿ, ಜೊತೆಗೆ ಇದೇ ವಿಚಾರಣೆಯ ಭಯದಿಂದ ಕೊಂಕಣಿ ಕ್ರೈಸ್ತರೂ ಕೆನರಾ ಕರಾವಳಿಗೆ ಬಂದರು. ಎರಡು ಕಡೆಯವರ ಮನೆಮಾತು ಇಂದಿಗೂ ಒಂದೇ.

ಗುರುತು ಹುಡುಕುವುದಾದರೆ ಓಲ್ಡ್ ಗೋವಾದಿಂದ ಫೋಂಡಾ ಕಡೆ ಹೋಗಿ. ಕುಶಸ್ಥಳಿಯ ಮಂಗೇಶ 1560ರಲ್ಲಿ ಪ್ರಿಯೋಳಕ್ಕೆ, ಕೇಳೋಶಿಯ ಶಾಂತಾದುರ್ಗೆ ಕವಳೆಗೆ ಹೋಗಿ ನೆಲೆಸಿದ್ದು ಆಗ ಫೋಂಡಾ ಪೋರ್ಚುಗೀಸರ ಕೈಯಲ್ಲಿ ಇರಲಿಲ್ಲವೆಂದು. ಬೆಳಗ್ಗೆ ಇಗರ್ಜಿಗಳು, ಮಧ್ಯಾಹ್ನ ಮಂಗೇಶಿ, ಕವಳೆ: ಎರಡೂ ಒಂದೇ ದಿನದಲ್ಲಿ ಆಗುತ್ತದೆ, ಎರಡನ್ನೂ ನೋಡಿದವರಿಗೇ ಆ ಶತಮಾನ ಅರ್ಥವಾಗುವುದು.

ಪ್ರಶ್ನೆ: ಅಂಜದೀವ ದ್ವೀಪದಲ್ಲಿ ಹಳೆಯ ಇಗರ್ಜಿ ಇದೆಯಂತೆ. ಬೈತಖೋಲದಿಂದ ದೋಣಿ ಮಾಡಿಕೊಂಡು ಹೋಗಬಹುದೇ?
— ಓದುಗರು, ಬಿಣಗಾ

ಹೋಗಬಾರದು. ದ್ವೀಪ ನೌಕಾನೆಲೆಯ ಆವರಣದೊಳಗಿದೆ, ಅಲೆತಡೆಯಿಂದ ದಡಕ್ಕೆ ಸೇರಿಕೊಂಡಿದೆ. ಅನುಮತಿ ಇಲ್ಲದೆ ಹತ್ತಿರ ಸುಳಿದರೆ ದೋಣಿಯವರಿಗೂ ನಿಮಗೂ ತೊಂದರೆ. ಹೆದ್ದಾರಿಯಿಂದ ನೆಲೆಯ ಕಡೆಗೆ ಕ್ಯಾಮೆರಾ ಹಿಡಿಯುವುದೂ ಬೇಡ. ಬುಗ್ಗೆಗಳ ಮಾತೆಯ ಇಗರ್ಜಿಯ ಫೆಬ್ರವರಿ 2ರ ಹಬ್ಬಕ್ಕೂ ಅಸಿಸಿಯ ಸಂತ ಫ್ರಾನ್ಸಿಸರ ಅಕ್ಟೋಬರ್ 4ರ ಹಬ್ಬಕ್ಕೂ ಹಿಂದೆ ಜನ ಹೋಗಿಬರುತ್ತಿದ್ದರು. ನೌಕಾಪಡೆಯ ವಶಕ್ಕೆ ಬಂದ ಮೇಲೆ ಅದು ಮುಕ್ತವಾಗಿ ನಡೆಯುತ್ತಿಲ್ಲ, ಭಕ್ತರ ಬೇಡಿಕೆ ಹಾಗೇ ಇದೆ.

ಕಾರವಾರದ ಕಣ್ಣೆದುರಿಗಿದ್ದರೂ ದ್ವೀಪ ಸೇರಿರುವುದು ಗೋವೆಯ ಕಾಣಕೋಣ ತಾಲೂಕಿಗೆ. ವಾಸ್ಕೋ ಡ ಗಾಮಾ 1498ರಲ್ಲಿ ಇಲ್ಲಿ ತಂಗಿದ್ದ. ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ 1505ರಲ್ಲಿ ಕೋಟೆ ಕಟ್ಟಿ ಮರುವರ್ಷವೇ ಕೆಡವಿಸಿದ, ಈಗಿರುವುದು 1682ರ ನಂತರದ್ದು. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಇಂಗ್ಲಿಷ್ ಪಡೆಗೆ ಇಳಿಯಲು ಅಲ್ಲಿ ಜಾಗ ಸಿಗದೆ ಇಲ್ಲಿ ಬಿಡಾರ ಹೂಡಿತ್ತು. ನಾಯಕ ಅಬ್ರಹಾಂ ಶಿಪ್‌ಮನ್ ಸೇರಿ ಅವರಲ್ಲಿ ಹೆಚ್ಚಿನವರು 1664ರೊಳಗೆ ರೋಗದಿಂದ ಸತ್ತರು. 1961ರ ಡಿಸೆಂಬರ್‌ನಲ್ಲಿ ದ್ವೀಪ ಬಿಡಿಸಿಕೊಳ್ಳುವಾಗ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಅಂಕೋಲೆಯ ಆರ್ಯಾದುರ್ಗೆ ಈ ದ್ವೀಪದಿಂದ ಬಂದವಳೆಂಬ ನಂಬಿಕೆಯಿದೆ. ಆ ದೇವಸ್ಥಾನಕ್ಕೆ ಹೋಗಲು ಯಾರ ಅನುಮತಿಯೂ ಬೇಡ.

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಸೇವೆ ಮಾಡಿದ ಸಂತ ಜೋಸೆಫ್ ವಾಜರ ಸ್ಥಳವೂ ಇದೇ ದಾರಿಯಲ್ಲಿ ಸಿಗುತ್ತದೆಯೇ?
— ಓದುಗರು, ಹೊನ್ನಾವರ

ಸ್ವಲ್ಪ ಪಕ್ಕಕ್ಕೆ. ಮಡಗಾಂವಿನಿಂದ ಬರುವಾಗ ಜುವಾರಿ ಸೇತುವೆ ಹತ್ತುವ ಮೊದಲೇ ಕುಠ್ಠಾಳಿಯಲ್ಲಿ ವಾಸ್ಕೋ ಕಡೆಗೆ ತಿರುಗಿದರೆ ಸಾಂಕವಾಳ. ಜುವಾರಿ ದಂಡೆಯಲ್ಲಿ ಆರೋಗ್ಯ ಮಾತೆಯ ಇಗರ್ಜಿಯ ಮುಂಗೋಡೆ ಮಾತ್ರ ನಿಂತಿದೆ, ಉಳಿದದ್ದು 1834ರ ಬೆಂಕಿಯಲ್ಲಿ ಹೋಯಿತು. ವಾಜ್ 1651ರಲ್ಲಿ ಬಾಣಾವಲಿಯಲ್ಲಿ ಹುಟ್ಟಿದವರು, ಮನೆತನ ಸಾಂಕವಾಳದ್ದು. 1681ರಿಂದ 1684ರವರೆಗೆ ಕೆನರಾದಲ್ಲಿದ್ದು, 1687ರಲ್ಲಿ ಶ್ರೀಲಂಕಾಕ್ಕೆ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಸಂತ ಪದವಿ. ಹಬ್ಬ ಜನವರಿ 16ಕ್ಕೆ. ಮುಂಗೋಡೆ ನೋಡಲು ಅರ್ಧ ತಾಸು ಸಾಕು. ಅಂಗಡಿ, ನೆರಳು ಕಡಿಮೆ, ನೀರಿನ ಬಾಟಲಿ ಜೊತೆಗಿರಲಿ.

ಪ್ರಶ್ನೆ: ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬಕ್ಕೆ ಹೋದರೆ ಸಂತನ ಶರೀರ ನೋಡಲು ಸಿಗುತ್ತದೆಯೇ?
— ಓದುಗರು, ಹಳಿಯಾಳ

ಇಲ್ಲ. ಪೆಟ್ಟಿಗೆಯನ್ನು ಕೆಳಗಿಳಿಸಿ ಸೇ ಕೆಥೆಡ್ರಲ್‌ನಲ್ಲಿ ದರ್ಶನಕ್ಕೆ ಇಡುವುದು ಹತ್ತು ವರ್ಷಕ್ಕೊಮ್ಮೆ. ಕಳೆದ ಬಾರಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು. ವಾರ್ಷಿಕ ಹಬ್ಬದ ನೊವೆನಾ ನವೆಂಬರ್ 24ಕ್ಕೆ ಶುರು, ಒಂಬತ್ತು ದಿನವೂ ಹಲವು ಭಾಷೆಗಳಲ್ಲಿ ಬಲಿಪೂಜೆ. ಪ್ರಾರ್ಥನೆಗೇ ಹೋಗುವವರು ನೊವೆನಾದ ನಡುವಿನ ದಿನ ಆರಿಸಿಕೊಳ್ಳಿ. ಡಿಸೆಂಬರ್ 3ರಂದು ವಾಹನಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ, ಮುದುಕರಿಗೆ ಮಕ್ಕಳಿಗೆ ನಡಿಗೆ ಕಷ್ಟ. ಕಟ್ಟಡ ನೋಡಲೆಂದು ಹೋಗುವವರು ಆ ಹತ್ತು ದಿನ ಬಿಟ್ಟು ಹೋಗಿ.

ಪ್ರಶ್ನೆ: ಮಳೆಗಾಲದಲ್ಲಿ ಹೋಗಬಹುದೇ?
— ವಿದ್ಯಾರ್ಥಿನಿ, ಯಲ್ಲಾಪುರ

ಹೋಗಬಹುದು, ಜನ ಕಡಿಮೆ. ಅಗಸ್ಟಿನರ ಪಾಳಿನಲ್ಲಿ ಮಾತ್ರ ಎಚ್ಚರ, ಹಾವಸೆ ಹಿಡಿದ ಚಿರೇಕಲ್ಲು ಜಾರುತ್ತದೆ. ಹಿಡಿತವಿರುವ ಚಪ್ಪಲಿ ಹಾಕಿ, ಗೋಡೆಗಳ ಮೇಲೆ ಹತ್ತಬೇಡಿ, ನೀರು ಕುಡಿದ ಸಂದುಗಳು ಸಡಿಲವಾಗಿರುತ್ತವೆ. ಕೊಡೆಯಿಂದ ನೀರು ಸುರಿಸುತ್ತ ಇಗರ್ಜಿಯೊಳಗೆ ಹೋಗದೆ ಬಾಗಿಲಲ್ಲೇ ಕೊಡವಿ ಮಡಚಿಕೊಳ್ಳಿ. ಸೋನೆ ನಿಂತು ಅರ್ಧ ತಾಸಾದ ಮೇಲೆ ಬಾಮ್ ಜೀಸಸ್‌ನ ಪಕ್ಕದ ಗೋಡೆಗೆ ಬಂದರೆ ಮೇಲೆ ಅಂಕೋಲೆಯವರಿಗೆ ಹೇಳಿದ್ದೆಲ್ಲ ಕಾಣುತ್ತದೆ: ಯಾವ ಕಲ್ಲು ನೀರು ಕುಡಿದು ಕಪ್ಪಾಗಿದೆ, ಯಾವುದು ಆಗಲೇ ಒಣಗಿದೆ ಎಂದು.